ಉಟ್ಟದ್ದು, ತೊಟ್ಟದ್ದು, ಹೊಸ್ತಿಲು

(ಬಿಳೂರದಲ್ಲಿ ಮಾಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಈ ದತ್ತಿ ಇಟ್ಟ ಮನೆಯವರು ತಮ್ಮ ಹೆಸರನ್ನು ಎಲ್ಲಿಯೂ ಹೇಳಬಾರದೆಂದು ಕೇಳಿಕೊಂಡಿದ್ದಾರೆ. ತಾಯಿಯ ನೆನಪಿಗೆ ವರ್ಷಕ್ಕೊಮ್ಮೆ ಊರಲ್ಲಿ ಕನ್ನಡದ ನಾಲ್ಕು ಮಾತು ನಡೆಯಬೇಕು, ಕೇಳಲು ಬಂದವರು ಉಂಡು ಹೋಗಬೇಕು. ಅವರು ಕೇಳಿದ್ದು ಇಷ್ಟೇ. ಅವರಿಗೆ ನನ್ನ ಶರಣು.

ಇಂದಿನ ವಿಷಯ ಒಂದು ಫ್ರೆಂಚ್ ಶಬ್ದ ಎಂದು ಕರೆಪತ್ರಿಕೆಯಲ್ಲಿ ಓದಿ, ಬಿಳೂರದ ಕಟ್ಟೆಗೂ ಫ್ರಾನ್ಸಿಗೂ ಎಲ್ಲಿಯ ಸಂಬಂಧ ಎಂದು ಹಲವರು ಕೇಳಿದರು. ಸಂಬಂಧ ಹಚ್ಚಿದವಳು ನಮ್ಮೂರಿನದೇ ಹುಡುಗಿ. ಬಿ.ಎ. ಓದುತ್ತಾಳೆ. ಹೋದ ವರ್ಷ ಒಂದು ಇಂಗ್ಲಿಷ್ ಕಾದಂಬರಿ ಹಿಡಿದುಕೊಂಡು ಮನೆಗೆ ಬಂದು ‘ಡಿಸಬೀಲ್’ ಎಂಬ ಶಬ್ದದ ಮೇಲೆ ಬೆರಳಿಟ್ಟಳು. “ಸರ್, ಇದಕ್ಕ ಕನ್ನಡದಾಗ ಏನಂತಾರ್ರಿ?” ಅಂದಳು. ಅರೆಬರೆ ಬಟ್ಟೆಯಲ್ಲಿರುವುದು, ಪೂರಾ ಉಡದೆ ತೊಡದೆ ಇರುವುದು ಎಂದೆ. ಸ್ವಲ್ಪ ಯೋಚಿಸಿ ಕೇಳಿದಳು: “ಅಂದ್ರ ನಮ್ಮ ಮುತ್ತ್ಯಾ ಹೊಲದಾಗ ಇರ್ತಾನಲ್ರಿ, ಹಂಗೇನ್ರಿ?”

“ಅಲ್ಲವ್ವಾ, ಹಂಗಲ್ಲ” ಅಂದೆ. ಯಾಕೆ ಅಲ್ಲ ಎಂದು ಕೇಳಿದಾಗ ಹೇಳಲು ಬರಲಿಲ್ಲ. ಒಂದು ವರ್ಷದಿಂದ ಆ ‘ಯಾಕೆ ಅಲ್ಲ’ ನನ್ನ ಬೆನ್ನು ಹತ್ತಿದೆ. ಅದನ್ನೇ ಇವತ್ತು ನಿಮ್ಮ ಮುಂದೆ ಬಿಚ್ಚುತ್ತೇನೆ.

ಶಬ್ದದ ಬೇರು ಹಿಡಿದು ಹೋದರೆ ನಾವು ಬಟ್ಟೆಯಂಗಡಿಗೆ ಹೋಗುವುದಿಲ್ಲ, ಬಡಿಗೇರರ ಅಂಗಳಕ್ಕೆ ಹೋಗುತ್ತೇವೆ. ಫ್ರೆಂಚಿನ ‘ದೇಜಬಿಯೇ’ ಎಂದರೆ ಉಟ್ಟದ್ದನ್ನು ಕಳಚಿದ ಸ್ಥಿತಿ. ‘ಅಬಿಯೇ’ ಎಂದರೆ ಉಡಿಸು, ತೊಡಿಸು. ಆ ‘ಅಬಿಯೇ’ಯ ಹೊಟ್ಟೆಯಲ್ಲಿ ಮರದ ದಿಮ್ಮಿ ಎಂಬ ಅರ್ಥದ ಹಳೆಯ ಶಬ್ದವಿದೆ. ಕಡಿದ ಮರದ ಟೊಂಗೆ ಸವರಿ, ದಿಮ್ಮಿಯನ್ನು ಕೆಲಸಕ್ಕೆ ಸಜ್ಜು ಮಾಡುವುದು ಅದರ ಮೊದಲ ಅರ್ಥ. ಆಮೇಲೆ ಯಾವುದನ್ನೇ ಆಗಲಿ ಸಜ್ಜು ಮಾಡುವುದು ಎಂದಾಯಿತು, ಕೊನೆಗೆ ಮನುಷ್ಯನನ್ನು ಬಟ್ಟೆಯಿಂದ ಸಜ್ಜು ಮಾಡುವುದು ಎಂದು ನಿಂತಿತು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಶಬ್ದ ಇಂಗ್ಲಿಷಿಗೆ ದಾಟಿತು. ಹಾಗೆ ನೋಡಿದರೆ ಡಿಸಬೀಲ್ ಎಂಬ ಮಾತಿನ ಒಳಗೆ ಮೈ ಇಲ್ಲ, ನಾಚಿಕೆಯೂ ಇಲ್ಲ. ಇನ್ನೂ ಸಜ್ಜಾಗಿಲ್ಲ, ಜನರೆದುರು ಹೋಗಲು ತಯಾರಾಗಿಲ್ಲ, ಅಷ್ಟೇ ಅದು ಹೇಳುವುದು.

ಈ ಶಬ್ದವನ್ನು ಬಳಸಿದವರು ಯಾರು? ದೊಡ್ಡ ಮನೆ ಇದ್ದವರು. ಮಲಗುವ ಕೋಣೆ, ಕೂರುವ ಕೋಣೆ, ಬಂದವರನ್ನು ಕಾಣುವ ಕೋಣೆ ಎಂದು ಬೇರೆ ಬೇರೆ ಇದ್ದವರು. ಬೆಳಿಗ್ಗೆ ಎದ್ದು ಮಧ್ಯಾಹ್ನದವರೆಗೆ ಸಡಿಲ ನಿಲುವಂಗಿಯಲ್ಲಿ ಓದುತ್ತ, ಬರೆಯುತ್ತ, ಆಪ್ತರೊಡನೆ ಹರಟುತ್ತ ಇದ್ದು, ಆಮೇಲೆ ಬಿಗಿಯಾದ ಕೋಟು, ಕೃತಕ ಕೂದಲು, ಕಾಲುಚೀಲ ತೊಟ್ಟು ಹೊರಗೆ ಬರುತ್ತಿದ್ದವರು. ಡಿಸಬೀಲ್ ಎಂದರೆ ಆ ಬೆಳಗಿನ ಉಡುಗೆ.

ಆ ಬೆಳಗಿನ ನಿಲುವಂಗಿಯ ಬಟ್ಟೆ ಎಲ್ಲಿಂದ ಹೋಗುತ್ತಿತ್ತು ಎಂದು ಹುಡುಕಿದಾಗ ನಾನು ಬಹಳ ಹೊತ್ತು ಪುಸ್ತಕ ಮುಚ್ಚಿ ಕೂತೆ. ಅದು ಹೋಗುತ್ತಿದ್ದದ್ದು ನಮ್ಮ ದೇಶದಿಂದ. ಗುಜರಾತಿನ ಹಾಗೂ ಕೋರಮಂಡಲ ತೀರದ ಅಚ್ಚು ಹಾಕಿದ ಹತ್ತಿ ಬಟ್ಟೆ ಹಡಗು ಹತ್ತಿ ಯುರೋಪಿಗೆ ಹೋಗಿ ಅಲ್ಲಿನ ಶ್ರೀಮಂತರ ಮನೆಯುಡುಗೆಯಾಗಿತ್ತು. 1666ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ಚಿತ್ರ ಬರೆಸಿಕೊಳ್ಳಲು ಒಂದು ಇಂಡಿಯನ್ ಗೌನನ್ನು ಬಾಡಿಗೆಗೆ ತಂದ. ತನ್ನ ದಿನಚರಿಯಲ್ಲಿ ತಾನೇ ಇದನ್ನು ಬರೆದಿಟ್ಟಿದ್ದಾನೆ. ಆ ಚಿತ್ರ ಇಂದಿಗೂ ಲಂಡನ್ನಿನಲ್ಲಿದೆ. 1670ರಲ್ಲಿ ಫ್ರಾನ್ಸಿನ ಮೋಲಿಯೇರ್ ಬರೆದ ನಾಟಕದಲ್ಲಿ ಹೊಸದಾಗಿ ಹಣ ಕಂಡ ವ್ಯಾಪಾರಿಯೊಬ್ಬ ಇಂಡಿಯಾದ ಬಟ್ಟೆಯ ನಿಲುವಂಗಿ ಹೊಲಿಸಿಕೊಂಡು ಬಂದವರಿಗೆಲ್ಲ ತೋರಿಸುತ್ತಾನೆ. ದೊಡ್ಡವರು ಬೆಳಿಗ್ಗೆ ಇದನ್ನೇ ತೊಡುತ್ತಾರೆಂದು ಅವನಿಗೆ ದರ್ಜಿ ಹೇಳಿದ್ದಾನೆ. ಈ ಬಟ್ಟೆಯ ಹುಚ್ಚು ಎಷ್ಟು ಏರಿತೆಂದರೆ ತನ್ನ ನೇಕಾರರು ಕೆಟ್ಟಾರೆಂದು ಫ್ರಾನ್ಸ್ ಸರ್ಕಾರ 1686ರಲ್ಲಿ ಅಚ್ಚಿನ ಹತ್ತಿ ಬಟ್ಟೆಯನ್ನೇ ನಿಷೇಧಿಸಿತು. ನಿಷೇಧ ತೆರವಾದದ್ದು 1759ರಲ್ಲಿ.

ಇಂಗ್ಲಿಷರು ಈ ಮನೆಯಂಗಿಗೆ ‘ಬನಿಯನ್’ ಎಂದರು. ಗುಜರಾತಿಯ ‘ವಾಣಿಯೊ’, ಅಂದರೆ ಬನಿಯಾ, ವ್ಯಾಪಾರಿ. ಆ ಶಬ್ದ ಪೋರ್ಚುಗೀಸರ ಬಾಯಲ್ಲಿ ಬನಿಯನ್ ಆಗಿ ಇಂಗ್ಲಿಷರಿಗೆ ಸಿಕ್ಕಿತು. ಆ ವ್ಯಾಪಾರಿಗಳು ಕೂಡುತ್ತಿದ್ದ ಆಲದ ಮರಕ್ಕೂ ಇಂಗ್ಲಿಷರು ಅದೇ ಹೆಸರಿಟ್ಟರು. ಬನಿಯನ್ ತೊಟ್ಟ ನ್ಯೂಟನ್ನನ ಚಿತ್ರವಿದೆ. ಆಳವಾಗಿ ಯೋಚಿಸುವವನಿಗೆ ಸಡಿಲ ಬಟ್ಟೆ ಒಳ್ಳೆಯದೆಂದು ಅಮೆರಿಕದ ವೈದ್ಯ ಬೆಂಜಮಿನ್ ರಶ್ ನಂಬಿದ್ದ.

ಈಗ ನಮ್ಮ ಅಂಗಳದ ತಂತಿಯ ಮೇಲೆ ಏನು ಒಣಗುತ್ತಿದೆ ನೋಡಿರಿ. ಬನಿಯನ್! ನಮ್ಮ ಬಾಯಲ್ಲಿ ಬನೀನು. ಗುಜರಾತಿನ ವ್ಯಾಪಾರಿಯ ಹೆಸರು ಹಡಗು ಹತ್ತಿ ಹೋಗಿ, ಲಂಡನ್ನಿನ ಸಾಹೇಬರ ನಿಲುವಂಗಿಯಾಗಿ, ತಿರುಗಿ ಬರುವಷ್ಟರಲ್ಲಿ ತೋಳು ಕಳೆದುಕೊಂಡು, ಉದ್ದ ಕಳೆದುಕೊಂಡು, ಅಂಗಿಯ ಒಳಗೆ ಸೇರಿಕೊಂಡಿತು. ಅಲ್ಲಿ ಅದು ವಿರಾಮದ ಗುರುತಾಗಿತ್ತು. ಇಲ್ಲಿ ಹಮಾಲರ, ಗೌಂಡಿಗಳ, ಲಾರಿ ಡ್ರೈವರರ ಬೆವರು ಹೀರುವ ಬಟ್ಟೆಯಾಯಿತು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಕಾಲದಲ್ಲಿ, ರಾಜಸ್ಥಾನ ಹೈಕೋರ್ಟಿನ ವಿಡಿಯೊ ವಿಚಾರಣೆಗೆ ವಕೀಲರೊಬ್ಬರು ಬನಿಯನ್ನಿನಲ್ಲೇ ಕೂತಿದ್ದರು. ನ್ಯಾಯಮೂರ್ತಿಗಳು ಪ್ರಕರಣ ಮುಂದೂಡಿದರು. ವಕೀಲರು ಇದ್ದದ್ದು ತಮ್ಮ ಮನೆಯಲ್ಲೇ. ಕೋರ್ಟು ಅವರ ಮನೆಯೊಳಗೆ ಬಂದಿತ್ತು. ಮನೆಯ ಉಡುಗೆ ಯಾವ ಗಳಿಗೆಯಲ್ಲಿ ಕೋರ್ಟಿನ ಉಡುಗೆಯಾಗಬೇಕಿತ್ತು? ಹೊಸ್ತಿಲು ಎಲ್ಲಿತ್ತು? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡಿರೋಣ.

ಇನ್ನು ಕನ್ನಡದ ಕಡೆ ಬರುತ್ತೇನೆ. ನಾವು ಧೋತರ ಉಡುತ್ತೇವೆ, ಸೀರೆ ಉಡುತ್ತೇವೆ. ಅಂಗಿ ತೊಡುತ್ತೇವೆ, ಕುಪ್ಪಸ ತೊಡುತ್ತೇವೆ, ಬಳೆ ತೊಡುತ್ತೇವೆ. ರುಮಾಲು ಸುತ್ತುತ್ತೇವೆ. ಕಂಬಳಿ ಹೊದೆಯುತ್ತೇವೆ. ಹೂ ಮುಡಿಯುತ್ತೇವೆ. ಕೆರವು ಮೆಟ್ಟುತ್ತೇವೆ. ಕುಂಕುಮ ಇಡುತ್ತೇವೆ, ವಿಭೂತಿ ಹಚ್ಚುತ್ತೇವೆ, ಲಿಂಗ ಕಟ್ಟುತ್ತೇವೆ. ಅಡಿಯಿಂದ ಮುಡಿಯವರೆಗೆ ಮೈಯ ಒಂದೊಂದು ಭಾಗಕ್ಕೆ ಒಂದೊಂದು ಕ್ರಿಯಾಪದ. ಹೀಗಿರುವಾಗ ‘ಅರ್ಧ ಬಟ್ಟೆ’ ಎಂಬ ಒಂದೇ ಸ್ಥಿತಿ ಕನ್ನಡಕ್ಕೆ ಹೇಗೆ ಸಾಧ್ಯ? ಉಟ್ಟಾನ, ತೊಟ್ಟಿಲ್ಲ. ತೊಟ್ಟಾನ, ಸುತ್ತಿಲ್ಲ. ಉಟ್ಟಾಳ, ತೊಟ್ಟಾಳ, ಇನ್ನೂ ಮುಡದಿಲ್ಲ. ಯಾವ ಕ್ರಿಯಾಪದ ಬಾಕಿ ಇದೆ ಎಂದು ಹೇಳದೆ ಕನ್ನಡದವನು ಒಬ್ಬರನ್ನು ಅರೆಬರೆ ಎನ್ನಲಾರ.

ನಮ್ಮ ನೆರೆಯ ಮರಾಠಿಯೂ ಹೀಗೆಯೇ. ಸೀರೆ, ಧೋತರಕ್ಕೆ ನೇಸಣೆ, ಅಂಗಿಗೆ ಘಾಲಣೆ, ಹೊದಿಕೆಗೆ ಪಾಂಘರಣೆ, ಹೂವಿಗೆ ಮಾಳಣೆ. ನಮ್ಮೂರು ಸೇರಿದ್ದ ಜತ್ತ ಸಂಸ್ಥಾನ ಹೋಗಿ ಎಷ್ಟೋ ಕಾಲವಾಯಿತು, 1967ರಲ್ಲಿ ಗಡಿಯ ಕುರಿತು ಮಹಾಜನ ವರದಿ ಬಂತು, ಆ ಗಡಿಯ ಬಗ್ಗೆ ಕರ್ನಾಟಕ, ಮಹಾರಾಷ್ಟ್ರ ಎರಡು ಸರ್ಕಾರಗಳ ಮಾತು ಇನ್ನೂ ಮುಗಿದಿಲ್ಲ. ಉಡುವ ತೊಡುವ ವಿಷಯದಲ್ಲಿ ಮಾತ್ರ ಎರಡೂ ಭಾಷೆಗಳು ಒಂದೇ ಗೂಟಕ್ಕೆ ಅರಿವಿ ತೂಗುಹಾಕಿವೆ. ಎರಡನ್ನೂ ಆಡಿ ಬೆಳೆದ ಬಿಳೂರದ ನಾಲಿಗೆಗೆ ಇದು ಗೊತ್ತು. ನನಗೆ ನೋವಾಗುವುದು ಬೇರೆ ಕಾರಣಕ್ಕೆ. ಇವತ್ತಿನ ಮಕ್ಕಳ ಬಾಯಲ್ಲಿ ಎಲ್ಲವೂ ‘ಹಾಕ್ಕೊ’ ಆಗುತ್ತಿದೆ. ಅಂಗಿ ಹಾಕ್ಕೊ, ಬಳಿ ಹಾಕ್ಕೊ, ಚಪ್ಪಲಿ ಹಾಕ್ಕೊ, ಟೋಪಿಗಿ ಹಾಕ್ಕೊ. ಸೀರೆಯೊಂದೇ ಇನ್ನೂ ‘ಉಡು’ವನ್ನು ಬಿಟ್ಟುಕೊಟ್ಟಿಲ್ಲ. ಗುರುಗಳೆ, ಶಾಲೆಯಲ್ಲಿ ಒಂದು ದಿನ ಈ ಕ್ರಿಯಾಪದಗಳನ್ನು ಮಕ್ಕಳಿಂದ ಆಡಿಸಿರಿ, ಇದು ನನ್ನ ಬಿನ್ನಹ.

ಈ ವ್ಯಾಕರಣ ಬದುಕಿನಲ್ಲಿ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ನಮ್ಮ ಮನೆಯದೇ ಒಂದು ಚಿತ್ರ ಕೊಡುತ್ತೇನೆ. ಬ್ಯಾಸಗಿಯ ಮಧ್ಯಾಹ್ನ. ನಮ್ಮ ಮುತ್ತ್ಯಾ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಾನೆ. ಮೊಣಕಾಲ ಮೇಲೆ ಏರಿದ ಧೋತರ, ಬರಿಮೈ, ಎದೆಯ ಮೇಲೆ ಲಿಂಗದ ಕರಡಿಗೆ. ತಲೆಯ ಮೇಲೆ ಏನೂ ಇಲ್ಲ, ನೆತ್ತಿಯ ಬಿಳಿಗೂದಲು ಬೆವರಿಗೆ ಅಂಟಿದೆ. ಹೊರಗಿನಿಂದ ಯಾರೋ ಕೂಗುತ್ತಾರೆ: “ಅದಾರೇನ್ರೀ ಮನ್ಯಾಗ?” ಮುತ್ತ್ಯಾ ಏಳುತ್ತಾನೆ. ಅವನ ಅಂಗಿ ಒಂದು ಗೂಟಕ್ಕಿದೆ, ರುಮಾಲು ಇನ್ನೊಂದಕ್ಕೆ. ಕೈ ಅಂಗಿಯನ್ನು ದಾಟಿ ರುಮಾಲಿಗೆ ಹೋಗುತ್ತದೆ. ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ನಾಲ್ಕು ಸುತ್ತು ಸುತ್ತಿ, ಕಿವಿಯ ಮೇಲಿನ ಅಂಚು ಸರಿಮಾಡಿಕೊಂಡು “ಬರ್ರಿ, ಬರ್ರಿ” ಅನ್ನುತ್ತಾನೆ. ಬಂದವರು ಕೂಡುತ್ತಾರೆ, ನೀರು ಬೆಲ್ಲ ಬರುತ್ತದೆ, ಮಾತು ಸಾಗುತ್ತದೆ. ಅಂಗಿ ಗೂಟದ ಮೇಲೇ ಇರುತ್ತದೆ. ಬಂದವರಿಗಾಗಲಿ ನಮಗಾಗಲಿ ಮುತ್ತ್ಯಾ ಅರೆಬರೆಯಾಗಿ ಕಂಡದ್ದೇ ಇಲ್ಲ. ಅವನಿಗೆ ಡಿಸಬೀಲ್ ಎನ್ನಬಹುದಾದ ಗಳಿಗೆ ಒಂದೇ: ರುಮಾಲಿಲ್ಲದ ಬರಿದಲೆ. ಬರಿದಲೆಯಲ್ಲಿ ಗಂಡಸು ಊರೊಳಗೆ ನಡೆದರೆ ಯಾರ ಮನೆಯಲ್ಲಿ ಸಾವಾಗಿದೆ ಎಂದು ಕೇಳುತ್ತಿದ್ದ ಕಾಲ ಅದು.

ಹೆಣ್ಣುಮಕ್ಕಳಿಗೆ ಲೆಕ್ಕ ಇನ್ನೂ ಕಠಿಣ. ಇಳಕಲ್ ಸೀರೆ ಉಟ್ಟು, ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟು, ಮೈಯೆಲ್ಲ ಮುಚ್ಚಿದ್ದರೂ ಹಣೆ ಬರಿದಾಗಿದ್ದರೆ, ಕೂದಲು ಬಿಚ್ಚಿದ್ದರೆ, ತಲೆಯ ಮೇಲಿನ ಸೆರಗು ಜಾರಿದ್ದರೆ ಅವಳು ಹೊಸ್ತಿಲು ದಾಟುವಂತಿರಲಿಲ್ಲ. ಗಂಡ ಸತ್ತವಳ ಹಣೆಯನ್ನು ಬಲವಂತದಿಂದ ಬರಿದು ಮಾಡಿ, ಅವಳನ್ನು ಸಾಯುವವರೆಗೆ ‘ಸಜ್ಜಾಗದ’ ಸ್ಥಿತಿಯಲ್ಲೇ ಇಡುತ್ತಿದ್ದೆವು. ನಮ್ಮ ವ್ಯಾಕರಣದ ಚೆಲುವನ್ನು ಈಗಷ್ಟೇ ಹೊಗಳಿದೆ. ಅದೇ ವ್ಯಾಕರಣ ಮಾಡಿದ ಈ ಕ್ರೌರ್ಯವನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ಊರಿಂದ ಊರಿಗೆ ನಿಯಮ ತಿರುಗುಮುರುಗಾಗುವುದೂ ಉಂಟು. ಧರ್ಮಸ್ಥಳದಲ್ಲಿ ಗಂಡಸರು ಅಂಗಿ ಕಳಚಿ ದೇವರ ಮುಂದೆ ನಿಲ್ಲುತ್ತಾರೆ. ಗುಡ್ಡಾಪುರದ ದಾನಮ್ಮನ ಗುಡಿಗೆ ನಾವು ತೊಟ್ಟ ಅಂಗಿಯಲ್ಲೇ ಹೋಗುತ್ತೇವೆ. ನಮ್ಮ ಸುತ್ತಲಿನ ಜೈನ ಬಂಧುಗಳು ಏನನ್ನೂ ಉಡದ ಮುನಿಯ ಪಾದಕ್ಕೆ ಎರಗುತ್ತಾರೆ. ಬೆಳಗಾವಿ ಸೀಮೆಯ ಭೋಜ ಗ್ರಾಮದಲ್ಲಿ ಬೆಳೆದ ಆಚಾರ್ಯ ಶಾಂತಿಸಾಗರರು ದಿಗಂಬರರಾಗಿ ಉತ್ತರ ಭಾರತದವರೆಗೆ ನಡೆದುಹೋದರು. ದಿಕ್ಕನ್ನೇ ಉಟ್ಟವರು ಎಂಬ ಶಬ್ದದಲ್ಲಿ ಕೊರತೆ ಎಂಬುದಕ್ಕೆ ಜಾಗವೇ ಇಲ್ಲ.

ಹಾಗಾದರೆ ಅರೆ ಉಡುಗೆಯ ನಾಚಿಕೆ ಎಲ್ಲಿರುತ್ತದೆ? ಬಟ್ಟೆಯ ಅಳತೆಯಲ್ಲಿ ಇರುವುದಿಲ್ಲ ಎಂದು ನನಗೆ ತೋರಿಸಿಕೊಟ್ಟವಳು ದ್ರೌಪದಿ. ಸಂಸ್ಕೃತದಲ್ಲಿ ಡಿಸಬೀಲ್‌ಗೆ ಬಹಳ ಹತ್ತಿರದ ಶಬ್ದವೊಂದಿದೆ: ಏಕವಸ್ತ್ರಾ. ವ್ಯಾಸಭಾರತದ ಸಭಾಪರ್ವದಲ್ಲಿ ಅವಳು ಮುಟ್ಟಾಗಿ, ಒಂದೇ ವಸ್ತ್ರದಲ್ಲಿ ಒಳಮನೆಯಲ್ಲಿದ್ದಾಳೆ. ಅಲ್ಲಿ ಅದು ಸಹಜ ಉಡುಗೆ, ಅವಳ ಹಕ್ಕಿನ ಉಡುಗೆ, ಯಾರಿಗೂ ಅದರ ಗೊಡವೆ ಬೇಡ. ಆ ಉಡುಗೆಯಲ್ಲಿಯೇ ಅವಳ ಕೂದಲು ಹಿಡಿದು ಸಭೆಗೆ ಎಳೆದು ತರುತ್ತಾರೆ. ಸೀರೆಗೆ ಕೈ ಹಾಕುವುದು ಆಮೇಲಿನ ಮಾತು. ಮೊದಲ ಹಿಂಸೆ ಆಗಿಹೋದದ್ದು ಹೊಸ್ತಿಲಲ್ಲಿ; ಒಳಗಿನದನ್ನು ಹೊರಗೆ ಎಳೆದಾಗ. ನಾವು ಸೀರೆ ಉದ್ದವಾದ ಪವಾಡವನ್ನು ನೆನೆದು ಕೈ ಮುಗಿಯುತ್ತೇವೆ. ಹೊಸ್ತಿಲು ಮುರಿದದ್ದನ್ನು ಅಷ್ಟಾಗಿ ನೆನೆಯುವುದಿಲ್ಲ.

ನಮ್ಮ ಶರಣರ ಕಥೆಯಲ್ಲಿ ಇನ್ನೊಂದು ಹೊಸ್ತಿಲಿದೆ. ಉಡುತಡಿಯ ಮಹಾದೇವಿ ಅರಮನೆಯ ಸೀರೆ ಕಳಚಿಟ್ಟು, ಕೂದಲು ಹೊದ್ದು, ಕಲ್ಯಾಣಕ್ಕೆ ಬಂದಳು. ಎಲ್ಲವನ್ನೂ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದು ಅಲ್ಲಮ ಕೇಳಿದ್ದನ್ನು ಶೂನ್ಯಸಂಪಾದನೆ ಹೇಳುತ್ತದೆ. ಪ್ರಶ್ನೆ ಕಟುವಾದದ್ದು. ಆದರೆ ಅವಳನ್ನು ಅಲ್ಲಿಗೆ ಯಾರೂ ಎಳೆದು ತಂದಿರಲಿಲ್ಲ. ತಾನಾಗಿ ನಡೆದು ಬಂದಿದ್ದಳು, ತಾನೇ ಉತ್ತರ ಕೊಟ್ಟಳು, ಸಭೆ ಅವಳನ್ನು ಅಕ್ಕ ಎಂದಿತು. ಅವಳ ಮೈಮೇಲೆ ದ್ರೌಪದಿಗಿಂತ ಕಡಿಮೆ ಬಟ್ಟೆ ಇತ್ತು. ಅವಮಾನ ಇರಲಿಲ್ಲ.

ಇಲ್ಲಿಂದ ನಾನು ಬಡತನದ ಕಡೆ ತಿರುಗಬೇಕು. ಹೊಸ್ತಿಲ ಒಳಗೆ ಸಡಿಲವಾಗಿರುವ ಸುಖ ಬೇಕಾದರೆ ಮೊದಲು ಹೊಸ್ತಿಲಿರಬೇಕು, ಕಳಚಿಟ್ಟು ಮತ್ತೆ ಉಡಲು ಎರಡನೆಯ ಬಟ್ಟೆ ಇರಬೇಕು. 1917ರಲ್ಲಿ ಚಂಪಾರಣದಲ್ಲಿ ಕಸ್ತೂರಬಾ ಅವರು ಹೆಂಗಸರಿಗೆ ಸ್ವಚ್ಛತೆಯ ಮಾತು ಹೇಳಲು ಹೋದಾಗ, ಒಬ್ಬಳು ತನ್ನ ಗುಡಿಸಲೊಳಗೆ ಕರೆದು, ಉಟ್ಟ ಸೀರೆಯಲ್ಲದೆ ಇನ್ನೊಂದಿಲ್ಲ ಎಂದು ತೋರಿಸಿದಳು. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾರೆ. 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಅವರು ಅಂಗಿ, ಟೋಪಿ ಬಿಟ್ಟು ಮೊಳಕಾಲಿನ ಮೇಲಿನ ಪಂಚೆಗೆ ಬಂದರು. 1924ರಲ್ಲಿ ನಮ್ಮ ಪಕ್ಕದ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷ ಪೀಠದಲ್ಲಿ ಕೂತದ್ದು ಅದೇ ಉಡುಗೆಯಲ್ಲಿ. 1931ರಲ್ಲಿ ಚರ್ಚಿಲ್ ಅವರನ್ನು ಅರೆಬೆತ್ತಲೆ ಎಂದು ಹೀಗಳೆದ. ಅದೇ ವರ್ಷ ಅವರು ಅದೇ ಉಡುಗೆಯಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಒಳಗೆ ಹೋಗಿ ದೊರೆಯನ್ನು ಕಂಡು ಬಂದರು. ತಾವು ಸಜ್ಜಾಗೇ ಇದ್ದೇವೆ ಎಂದು ಆ ತುಂಡು ಪಂಚೆಯ ಮನುಷ್ಯ ಅರಮನೆಯ ಬಾಗಿಲಿಗೂ ಒಪ್ಪಿಸಿದರು.

ಬಿಟ್ಟುಕೊಟ್ಟದ್ದು ಬೇರೆ, ಕಿತ್ತುಕೊಂಡದ್ದು ಬೇರೆ. ತಿರುವಾಂಕೂರಿನಲ್ಲಿ ನಾಡಾರ್ ಹೆಣ್ಣುಮಕ್ಕಳು ಎದೆ ಮುಚ್ಚಿಕೊಳ್ಳಲು ವರ್ಷಾನುಗಟ್ಟಲೆ ಹೊಡೆತ ತಿಂದು ಹೋರಾಡಬೇಕಾಯಿತು. 1859ರಲ್ಲಿ ಅರಸರ ಘೋಷಣೆ ಅವರಿಗೆ ಆ ಹಕ್ಕನ್ನು ಕೊಟ್ಟಿತು, ಅದೂ ಮೇಲ್ಜಾತಿಯವರಂತೆ ಹೊದೆಯಬಾರದೆಂಬ ಕಟ್ಟಳೆಯೊಡನೆ. ನಮ್ಮದೇ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ನಡೆಯುತ್ತಿತ್ತು; 1986ರಲ್ಲಿ ದೊಡ್ಡ ಗಲಭೆಯಾಗಿ, ತಡೆಯಲು ಹೋದವರ ಮೇಲೆಯೇ ಹಲ್ಲೆಯಾದ ನಂತರ ಅದು ನಿಷೇಧಗೊಂಡಿತು. ಇವುಗಳಿಗೆ ಆ ಫ್ರೆಂಚ್ ಶಬ್ದ ಹಚ್ಚಲು ನನಗೆ ಮನಸ್ಸು ಬಾರದು. ಅದು ತನ್ನ ಕೋಣೆಯಲ್ಲಿ ನೆಮ್ಮದಿಯಾಗಿ ಕೂತವರ ಶಬ್ದ.

1972ರ ಬರ ಇಲ್ಲಿರುವ ಹಿರಿಯರಿಗೆಲ್ಲ ನೆನಪಿದೆ. ನಾನು ಆಗ ಸಣ್ಣವ. ಮುತ್ತ್ಯಾನ ಮನೆಯ ಮಂದಿಯೂ ಖಡಿ ಒಡೆಯುವ ಕಾಮಗಾರಿಗೆ ಹೋದರು. ಓಣಿಯ ಒಬ್ಬ ಹೆಣ್ಣುಮಗಳು ವಾರಕ್ಕೊಮ್ಮೆ ನಸುಕಿನಲ್ಲಿ ಹಿತ್ತಲ ಬಾಗಿಲಿಗೆ ಬರುತ್ತಿದ್ದಳು. ಅವಳು ಮಾತಾಡುತ್ತಿರಲಿಲ್ಲ. ನಮ್ಮ ಆಯಿ, ಅಂದರೆ ಅಜ್ಜಿ, ತನ್ನ ಹಳೆಯ ಸೀರೆಯನ್ನು ಅವಳ ಕೈಗೆ ಕೊಡುತ್ತಿದ್ದಳು. ಅವಳು ಅದನ್ನುಟ್ಟು, ತನ್ನದನ್ನು ಒಗೆದು, ಒಣಗುವವರೆಗೆ ಅಡಿಗೆಮನೆಯ ಮೂಲೆಯಲ್ಲಿ ಜೋಳ ಕೇರುತ್ತ ಕೂಡುತ್ತಿದ್ದಳು. ಬಿಸಿಲೇರಿದ ಮೇಲೆ ತನ್ನ ಸೀರೆ ಉಟ್ಟು, ಆಯಿಯದನ್ನು ಮಡಚಿಟ್ಟು ಹೋಗುತ್ತಿದ್ದಳು. ಆ ಎರಡು ತಾಸು ಗಂಡಸರು ಯಾರೂ ಅಡಿಗೆಮನೆಗೆ ಕಾಲಿಡಬಾರದು ಎಂದು ಆಯಿ ಹೇಳಿದ್ದಳು. ಮುತ್ತ್ಯಾ ಅವತ್ತು ಚಹಾ ಕೂಡ ಕೇಳುತ್ತಿರಲಿಲ್ಲ.

ಈಗ ನಮ್ಮೂರಲ್ಲಿ ಒಂದೇ ಸೀರೆಯ ಮನೆಗಳಿಲ್ಲ. ಅದಕ್ಕೆ ದೇವರಿಗೆ, ನೀರು ತಂದವರಿಗೆ, ದುಡಿದವರಿಗೆ ಶರಣೆನ್ನುತ್ತೇನೆ. ಹೊಸ ಉಡುಗೆ ಬಂದಿದೆ: ನೈಟಿ. ರಾತ್ರಿಯ ಹೆಸರಿನ ಬಟ್ಟೆ ಹಗಲಿಗೆ ಬಂದು ನಿಂತಿದೆ. ನಮ್ಮ ತಾಯಂದಿರು ಹಾಲಿಗೆ, ಕಿರಾಣಿ ಅಂಗಡಿಗೆ ಹೋಗುವಾಗ ನೈಟಿಯ ಹೆಗಲ ಮೇಲೆ ಒಂದು ಸೊಲ್ಲಾಪುರ ಟಾವೆಲ್ ಹಾಕಿಕೊಳ್ಳುತ್ತಾರೆ. ಹಲವರು ಇದನ್ನು ಕಂಡು ಮುಖ ಸಿಂಡರಿಸುತ್ತಾರೆ. ನನಗೆ ಆ ಟಾವೆಲ್ ಬಹಳ ದೊಡ್ಡದಾಗಿ ಕಾಣುತ್ತದೆ. ಸೆರಗಿನ ಕೆಲಸವನ್ನು ಅದು ಮಾಡುತ್ತಿದೆ. ಒಂಬತ್ತು ಗಜದ ಸೀರೆಯಲ್ಲಿ ಬಗ್ಗಿ ಎದ್ದು ದುಡಿದವರು ತಮ್ಮ ಮೈಗೆ ಒಂದಿಷ್ಟು ಗಾಳಿ ಮಾಡಿಕೊಂಡು, ಹೊಸ್ತಿಲ ಮರ್ಯಾದೆಯನ್ನು ಒಂದು ಟಾವೆಲ್ಲಿನಲ್ಲಿ ಉಳಿಸಿಕೊಂಡಿದ್ದಾರೆ. 2018ರಲ್ಲಿ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿಯಲ್ಲಿ ಊರ ಹಿರಿಯರು ಹಗಲು ಹೊತ್ತು ನೈಟಿ ತೊಟ್ಟ ಹೆಂಗಸರಿಗೆ 2,000 ರೂಪಾಯಿ ದಂಡ ಎಂದು ಸಾರಿದರು. ಅದೇ ಹಿರಿಯರು ಬರೀ ಲುಂಗಿಯಲ್ಲಿ ಕಟ್ಟೆಯ ಮೇಲೆ ಕೂತ ಗಂಡಸರಿಗೆ ದಂಡ ಹಾಕಿದ್ದನ್ನು ನಾನು ಎಲ್ಲಿಯೂ ಓದಲಿಲ್ಲ. ಇಂಥ ಮಾತು ನಮ್ಮೂರಿಗೆ ಬರಬಾರದು.

ಇನ್ನೊಂದು ಸಂಗತಿ ಹೇಳುವಾಗ ಇವತ್ತಿಗೂ ನನ್ನ ದನಿ ಏರುತ್ತದೆ. 2024ರ ಜುಲೈ. ಹಾವೇರಿ ಕಡೆಯ ಒಬ್ಬ ರೈತ ಮಗನೊಡನೆ ಸಿನಿಮಾ ನೋಡಲು ಬೆಂಗಳೂರಿನ ಮಾಗಡಿ ರಸ್ತೆಯ ಒಂದು ಮಾಲಿಗೆ ಹೋದ. ಬಿಳಿ ಪಂಚೆ ಉಟ್ಟಿದ್ದ, ಬಿಳಿ ಅಂಗಿ ತೊಟ್ಟಿದ್ದ. ಪಂಚೆ ಉಟ್ಟವರಿಗೆ ಒಳಗೆ ಬಿಡುವುದಿಲ್ಲ ಎಂದು ಬಾಗಿಲಲ್ಲಿ ತಡೆದರು. ಸುದ್ದಿ ಹಬ್ಬಿ, ರೈತರು ಬೀದಿಗಿಳಿದು, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಕನ್ನಡದ ಯಾವ ಕ್ರಿಯಾಪದ ಅವನಲ್ಲಿ ಬಾಕಿ ಇತ್ತು, ಹೇಳಿರಿ! ಅದೇ ಮಾಲಿನ ಒಳಗೆ ಮೊಣಕಾಲು ಕಾಣುವ ಚಡ್ಡಿಯ ಹುಡುಗರು ತಿರುಗಾಡುತ್ತಾರೆ. ತಿರುಗಾಡಲಿ, ನನ್ನ ತಕರಾರಿಲ್ಲ. ಆ ಕಾವಲಿನವನೂ ಯಾವುದೋ ಹಳ್ಳಿಯಿಂದ ಬಂದವನೇ ಇರಬೇಕು, ಅವನ ಅಪ್ಪನೂ ಪಂಚೆ ಉಡುವವನೇ ಇರಬೇಕು. ಬಾಗಿಲಿನ ನಿಯಮವನ್ನು ಅವನು ಬರೆದಿರಲಿಲ್ಲ. ಬರೆದವರು ಬಾಗಿಲಲ್ಲಿ ಇರಲಿಲ್ಲ.

ಆ ಹುಡುಗಿಗೆ ಒಂದು ವರ್ಷ ತಡವಾಗಿ ಉತ್ತರ ಕೊಡುತ್ತೇನೆ. ಅವಳು ಇಲ್ಲೇ ಎರಡನೆಯ ಸಾಲಿನಲ್ಲಿ ಕೂತಿದ್ದಾಳೆ. ಮಗಳೆ, ಆ ಶಬ್ದಕ್ಕೆ ‘ಹೊಸ್ತಿಲೊಳಗಿನ ಉಡುಗೆ’ ಎಂದು ಬರೆದುಕೋ. ನಿನ್ನ ಮುತ್ತ್ಯಾ ಹೊಲದಲ್ಲಿ ಧೋತರದ ಕಚ್ಚೆ ಬಿಗಿದು, ಟೊಂಕ ಕಟ್ಟಿ, ತಲೆಗೆ ರುಮಾಲು ಸುತ್ತಿ, ಬರಿಮೈಯಲ್ಲಿ ಹರಗುತ್ತಾನಲ್ಲ, ಅವನು ಹೊಸ್ತಿಲ ಹೊರಗಿದ್ದಾನೆ, ಪೂರ್ತಿ ಸಜ್ಜಾಗಿದ್ದಾನೆ. ಆ ಶಬ್ದದ ಮೊದಲ ಅರ್ಥವೂ ಸಜ್ಜಾಗುವುದೇ ಆಗಿತ್ತು. ಅದಕ್ಕೇ ಅವತ್ತು ‘ಹಂಗಲ್ಲ’ ಅಂದೆ.

ಕಡೆಯದಾಗಿ ನಮ್ಮ ಮನೆಯ ಇನ್ನೊಂದು ಮಾತು. ನಮ್ಮದು ಪಡಸಾಲೆ, ನಡುಮನೆ, ಅಡಿಗೆಮನೆ, ಹಿತ್ತಲು ಇದ್ದ ಮಣ್ಣಿನ ಮನೆ. ಬಚ್ಚಲಿಗೆ ಬಾಗಿಲಿರಲಿಲ್ಲ. ಒಂದು ಹಳೆಯ ಸೀರೆಯನ್ನು ಹಗ್ಗಕ್ಕೆ ಇಳಿಬಿಟ್ಟಿದ್ದರು. ಗಾಳಿ ಬಂದರೆ ಅದು ಹಾರುತ್ತಿತ್ತು. ಆಯಿಯೂ ನಮ್ಮ ಅವ್ವನೂ ಕೋಳಿ ಕೂಗುವ ಮೊದಲು, ಕತ್ತಲಲ್ಲಿ, ಉಟ್ಟ ಸೀರೆಯಲ್ಲೇ ನೀರು ಹಾಕಿಕೊಂಡು, ಹಸಿ ಸೀರೆಯಲ್ಲೇ ಒಳಗೆ ಓಡಿ ಬರುತ್ತಿದ್ದರು. ಬರ ಮುಗಿದ ಮರುವರ್ಷ ಗಾಳಿ ಮಳೆಗೆ ಹಿತ್ತಲಿನ ಬೇವಿನ ಮರ ಉರುಳಿತು. ದಿಮ್ಮಿ ಚಲೋ ಇತ್ತು. ಬಂಡಿಯ ಮೂಕಿಗೆ ಆಗುತ್ತದೆ ಎಂದು ಎಲ್ಲರೂ ಅಂದರು. ಮುತ್ತ್ಯಾ ಬಡಿಗೇರ ಕಾಕಾನನ್ನು ಕರೆಸಿ, ದಿಮ್ಮಿ ಕೊಯ್ಸಿ, ಮೊದಲು ಬಚ್ಚಲಿಗೆ ಬಾಗಿಲು ಮಾಡಿಸಿದ. ಚಿಲಕ ಒಳಗಿನಿಂದ ಇರಲಿ ಎಂದು ಎರಡು ಸಲ ಹೇಳಿದ. ಬಾಗಿಲು ನಿಂತ ದಿನ ಆಯಿ ಬಿಸಿಲೇರಿದ ಮೇಲೆ ಜಳಕಕ್ಕೆ ಹೋದಳು. ಚಿಲಕ ಬಿದ್ದ ಸಪ್ಪಳ ನಮಗೆಲ್ಲ ಕೇಳಿಸಿತು. ಒಳಗೆ ನೀರು ಹೊಯ್ದುಕೊಳ್ಳುವ ಸದ್ದು ನಿಂತು ಬಹಳ ಹೊತ್ತಾದರೂ ಅವಳು ಹೊರಗೆ ಬರಲಿಲ್ಲ. ಅವ್ವ ಗಾಬರಿಯಾಗಿ ಬಾಗಿಲು ಬಡಿದು “ಅತ್ತೀ, ಏನ್ ಮಾಡಾಕತ್ತೀರಿ?” ಅಂದಳು.

ಒಳಗಿನಿಂದ ಆಯಿ ಅಂದಳು: “ಏನಿಲ್ಲವಾ. ಸುಮ್ಮ ಕುಂತೀನಿ.”